ಛೀ ಅಕ್ಕ ಆರಿಸಿದ ಗುಂಡಿ

ನಮ್ಮ ಅತ್ತೆಯನ್ನು, ಅಂದರೆ ಅಪ್ಪನ ತಂಗಿಯನ್ನು, ಲಾಂಡ್ರಿಯಲ್ಲಿ ಎಲ್ಲರೂ ಛೀ ಅಕ್ಕ ಎಂದು ಕರೆಯುತ್ತಾರೆ. ಏನು ಹೇಳುವುದಿದ್ದರೂ ಮೊದಲು ಅವಳ ಬಾಯಿಂದ ಬರುವುದು ಆ ಮಾತು. ಹೋಟೆಲುಗಳಿಂದ ಬರುವ ಬೆಡ್‌ಶೀಟು, ಟವೆಲು, ದಿಂಬಿನ ಕವರುಗಳ ಗಂಟು ಬಿಚ್ಚಿ ವಿಂಗಡಿಸುವುದು ಅವಳ ಕೆಲಸ. ಶಾಲೆ ಬಿಟ್ಟ ಮೇಲೆ ನನ್ನನ್ನು ಇಲ್ಲಿಗೆ ಸೇರಿಸಿದವಳೂ ಅವಳೇ. ನಾನು ದಿಂಬಿನ ಕವರು ಮಡಿಸುತ್ತೇನೆ. ನನ್ನ ಮೇಜಿನಿಂದ ಅವಳ ಮೇಜು ಚೆನ್ನಾಗಿ ಕಾಣುತ್ತದೆ. ಹಾಗಾಗಿ ಇಲ್ಲಿ ಬರೆದಿರುವುದರಲ್ಲಿ ಹೆಚ್ಚಿನದು ನಾನೇ ನೋಡಿದ್ದು. ನೋಡದೇ ಇದ್ದದ್ದನ್ನು ಯಾರು ಹೇಳಿದರೆಂದು ಬರೆದಿದ್ದೇನೆ.

ಹೋಟೆಲಿನ ಬೆಡ್‌ಶೀಟಿನಲ್ಲಿ ಏನೆಲ್ಲ ಇರುತ್ತದೆ ಎಂದು ಅದರ ಮೇಲೆ ಮಲಗಿ ಎದ್ದವರು ತಿರುಗಿ ನೋಡಿರುವುದಿಲ್ಲ. ಕೂದಲಿನ ಉಂಡೆ, ಕತ್ತರಿಸಿದ ಉಗುರು, ಅಗಿದು ಅಂಟಿಸಿದ ಚೂಯಿಂಗ್ ಗಮ್, ಕಚ್ಚಿ ಬಿಟ್ಟ ಕೋಳಿಯ ಮೂಳೆ, ಮಗುವಿನ ಹೇಲು, ದೊಡ್ಡವರ ವಾಂತಿ. ಮುಖ ಒರೆಸುವ ಟವೆಲಿನಲ್ಲಿ ಶೂ ಒರೆಸಿರುತ್ತಾರೆ. ಇನ್ನೂ ಇವೆ, ಅವನ್ನು ಬರೆಯುವುದಿಲ್ಲ. ಬೇರೆಯವರು ಇದನ್ನೆಲ್ಲ ಕಣ್ಣಿನಿಂದ ನೋಡಿ ವಿಂಗಡಿಸುತ್ತಾರೆ. ಅತ್ತೆ ಮೂಗಿನಿಂದ ವಿಂಗಡಿಸುತ್ತಾಳೆ. ಬಟ್ಟೆಯ ತುದಿ ಹಿಡಿದು ಒಮ್ಮೆ ಮುಖದ ಹತ್ತಿರ ತರುತ್ತಾಳೆ, ಛೀ ಅನ್ನುತ್ತಾಳೆ, ಎಸೆಯುತ್ತಾಳೆ. ಒಂದು ರಾಶಿ ಮಾಮೂಲಿ ನೀರಿಗೆ, ಒಂದು ರಾಶಿ ಬಿಸಿ ನೀರಿಗೆ, ಇನ್ನೊಂದು ಕಲೆ ರೂಮಿಗೆ.

"ಹಳದಿ ಕಲೆ ಅಂದ್ರೆ ಕಣ್ಣಿಗೆ ಎಲ್ಲಾ ಒಂದೇ ಥರ. ಅದು ಎಣ್ಣೆನೋ ಉಚ್ಚೆನೋ ಅಂತ ಮೂಗನ್ನೇ ಕೇಳ್ಬೇಕು," ಎಂದು ಅವಳು ಹೊಸಬರಿಗೆ ಹೇಳಿಕೊಡುತ್ತಿದ್ದಳು.

ಹೊಸಬರು ಯಾರೂ ಕಲಿಯಲಿಲ್ಲ. ಕಲಿಯುವುದಕ್ಕೆ ಮೂಗು ಒಡ್ಡಬೇಕಲ್ಲ.

ಹುಟ್ಟಿದಾಗಿನಿಂದ ಅವಳು ಹೀಗೇ ಎಂದು ಅಪ್ಪ ಹೇಳುತ್ತಾರೆ. ಬೇರೆಯವರ ಲೋಟದಲ್ಲಿ ನೀರು ಕುಡಿಯುತ್ತಿರಲಿಲ್ಲವಂತೆ. ಬಸ್ಸಿನ ಕಂಬಿ ಹಿಡಿಯದೆ ಬಿದ್ದು ಮೊಣಕಾಲು ಒಡೆದುಕೊಂಡಿದ್ದಳಂತೆ. ಅಂಥವಳಿಗೆ ಇಂಥ ಕೆಲಸ ಸಿಕ್ಕಿತು. ಅದರಲ್ಲೇ ಅವಳಿಗೆ ಹೆಸರೂ ಬಂತು. ಮಾಲೀಕರು ಹೊರಗಿನವರು ಬಂದಾಗಲೆಲ್ಲ ಅವಳ ಮೇಜಿನ ಹತ್ತಿರ ಕರೆತಂದು, "ನಮ್ಮ ಮಿಷಿನ್ ಇದು," ಎಂದು ತೋರಿಸುತ್ತಿದ್ದರು. ಅತ್ತೆಗೆ ಅದು ಇಷ್ಟವಾಗುತ್ತಿತ್ತು. ಇಷ್ಟವಾಗಿಲ್ಲ ಎಂಬಂತೆ ಮೂಗು ಮುರಿಯುತ್ತಿದ್ದಳು.

ಕಲೆ ರೂಮಿನಲ್ಲಿ ಕೆಲಸ ಮಾಡುವವರು ನಮ್ಮ ಮಾವ, ಅಂದರೆ ಅತ್ತೆಯ ಗಂಡ. ಕಟ್ಟಡದ ಹಿಂಭಾಗದಲ್ಲಿ ಒಂದು ಸಣ್ಣ ರೂಮು. ತಗಡು ಹೊದಿಸಿದ ಮೇಜು, ಬ್ರಷ್ಷುಗಳು, ಹಿತ್ತಿಲ ಕಡೆಗೆ ಒಂದು ಕಿಟಕಿ. ಸೋಪಿಗೆ ಹೋಗದ ಕಲೆಯನ್ನು ತೆಗೆಯಲು ತಗಡಿನ ಡಬ್ಬದಲ್ಲಿ ಒಂದು ದ್ರವ ಬರುತ್ತದೆ. ಅದಕ್ಕೆ ಡಬ್ಬದ ಮೇಲೆ ಉದ್ದನೆಯ ಹೆಸರಿದೆ, ನಾವು ಕಲೆ ನೀರು ಅನ್ನುತ್ತೇವೆ. ಮಾವ ಅದನ್ನು ಬಟ್ಟಲಿಗೆ ಸುರಿದುಕೊಂಡು, ಬ್ರಷ್ಷು ಅದ್ದಿ, ಕಲೆಯ ಮೇಲೆ ಬಾಗಿ ತಿಕ್ಕುತ್ತಿದ್ದರು. ಸಂಜೆ ಬಟ್ಟಲಿನಲ್ಲಿ ಉಳಿದ ಮಡ್ಡಿಯನ್ನು ಕಿಟಕಿಯಿಂದ ಹೊರಗೆ ಚೆಲ್ಲುತ್ತಿದ್ದರು. ಆ ಕಲೆ ನೀರಿಗೆ ತುಂಬ ಸಿಹಿಯಾದ ವಾಸನೆ. ಬಾಳೆಹಣ್ಣು ಪೂರ್ತಿ ಮಾಗಿದಾಗ ಬರುತ್ತದಲ್ಲ, ಹಾಗೆ. ಅತ್ತೆ ಊಟ ಮಾಡುತ್ತಿದ್ದದ್ದು ಆ ರೂಮಿನಲ್ಲಿ ಮಾತ್ರ. ಉಳಿದ ಕಡೆ ಕೂತರೆ ತುತ್ತು ಗಂಟಲಿಗೆ ಇಳಿಯುವುದಿಲ್ಲ ಅನ್ನುತ್ತಿದ್ದಳು.

ಒಂದು ದಿನ ದೊಡ್ಡ ಹೋಟೆಲಿನಿಂದ ಒಬ್ಬ ಮೇಡಂ ಬಂದರು. ಹೋಟೆಲಿಗೆ ಕೆಲಸ ಮಾಡಿಕೊಡುವ ಪ್ರತಿಯೊಬ್ಬರೂ ತಮ್ಮ ಜಾಗದಲ್ಲಿ ಪರಿಸರ ಹಾಳು ಮಾಡುತ್ತಿರುವ ಒಂದು ಸಮಸ್ಯೆಯನ್ನು ಆರಿಸಿಕೊಳ್ಳಬೇಕು, ಸರಿಪಡಿಸಬೇಕು, ಅವರು ಬಂದಾಗ ತೋರಿಸಬೇಕು. ಇಲ್ಲದಿದ್ದರೆ ಗುತ್ತಿಗೆ ಬೇರೆಯವರಿಗೆ ಹೋಗುತ್ತದೆ. ಇಷ್ಟು ಹೇಳಿ ಅವರು ಹೊರಟುಹೋದರು. ಹೋಗುವಾಗ ಬಾಗಿಲಿನ ಹಿಡಿಯನ್ನು ಟಿಶ್ಯೂ ಕಾಗದ ಸುತ್ತಿ ಎಳೆದರು. ಆ ಕಾಗದವನ್ನು ನಮ್ಮ ಮೆಟ್ಟಿಲ ಮೇಲೇ ಬಿಟ್ಟುಹೋದರು.

ಮಾಲೀಕರು ಊಟದ ಹೊತ್ತಿಗೆ ಎಲ್ಲರನ್ನೂ ಇಸ್ತ್ರಿ ಮಾಡುವ ಕೋಣೆಯಲ್ಲಿ ಸೇರಿಸಿದರು.

"ಒಂದೇ ಒಂದು ಸಮಸ್ಯೆ ಬೇಕು. ನಾಕಾರು ಹೇಳ್ಬೇಡಿ. ನಮ್ಮ ಕೈಲಿ ಆಗೋಂಥದ್ದು ಹೇಳಿ."

"ಬಾಯ್ಲರ್ ಹೊಗೆ ಸಾರ್," ಅಂದರು ವಾಷಿಂಗ್ ಮಿಷಿನ್ ನಡೆಸುವ ಮಿಷಿನಣ್ಣ.

"ಬಾಯ್ಲರ್ ಹೊಸದು ತರೋಕೆ ನಿಮ್ಮಪ್ಪ ಕೊಡ್ತಾರಾ? ಬೇರೆ ಹೇಳು."

"ಒಗೆದ ಬಟ್ಟೆ ತುಂಬೋ ಪ್ಲಾಸ್ಟಿಕ್ ಕವರು," ಅಂದರು ಮತ್ತೊಬ್ಬರು.

"ಅದು ಹೋಟೆಲಿನವರೇ ಕೇಳೋದು. ಅವರದ್ದನ್ನೇ ಅವರಿಗೆ ಸಮಸ್ಯೆ ಅಂತ ತೋರಿಸೋಕಾಗುತ್ತಾ?"

ಇಸ್ತ್ರಿ ಅಕ್ಕ ಗಂಭೀರವಾಗಿ ಕೈ ಎತ್ತಿದಳು. "ಸಾರ್, ಮಿಷಿನಣ್ಣನ ಸಾಕ್ಸು ಬರುತ್ತಾ ಈ ಲೆಕ್ಕಕ್ಕೆ? ಸುತ್ತಮುತ್ತ ಹುಲ್ಲು ಕೂಡ ಬೆಳೀತಿಲ್ಲ."

ಎಲ್ಲರೂ ನಕ್ಕರು. ನಗು ಮುಗಿಯುತ್ತಿರುವಾಗ ಹಿಂದಿನಿಂದ ಮಾವ ಮೆಲ್ಲಗೆ ಹೇಳಿದರು. "ಆ ಕಲೆ ನೀರು ಸಾರ್. ಮಧ್ಯಾಹ್ನದ ಮೇಲೆ ತಲೆ ಸಿಡಿಯುತ್ತೆ. ಬೆರಳ ತುದಿ ಜೋಮು ಹಿಡಿದ ಹಾಗೆ ಇರುತ್ತೆ."

ಮಾಲೀಕರು ಅವರ ಕಡೆ ತಿರುಗುವಷ್ಟರಲ್ಲಿ ಅತ್ತೆ ಅಡ್ಡಬಾಯಿ ಹಾಕಿದಳು. "ಛೀ, ಸುಮ್ನಿರಿ ನೀವು. ನಿಮ್ಮ ರೂಮಿಗೇನು ಬಂದಿದೆ ಧಾಡಿ? ಇಡೀ ಕಟ್ಟಡದಲ್ಲಿ ಮೂಗು ಬಿಟ್ಕೊಂಡು ಉಸಿರಾಡೋಕಾಗೋದು ಅದೊಂದೇ ಜಾಗ. ಬನ್ನಿ, ಒಂದು ದಿನ ನನ್ನ ಮೇಜಿನ ಮುಂದೆ ನಿಂತ್ಕೊಳ್ಳಿ. ತಲೆನೋವು ಅಂದ್ರೇನು ಅಂತ ಗೊತ್ತಾಗುತ್ತೆ."

ಮತ್ತೆ ನಗು. ಮಾವನೂ ನಕ್ಕರು. ಅತ್ತೆ ತಳ್ಳಿಹಾಕಿದ ಮಾತನ್ನು ಅವರು ಎರಡನೇ ಸಲ ಎತ್ತಿದ್ದನ್ನು ನಾನು ಕಂಡಿಲ್ಲ.

"ಹಾಗಾದ್ರೆ ನೀನೇ ಹೇಳಮ್ಮ ಛೀ ಅಕ್ಕ," ಅಂದರು ಮಾಲೀಕರು. "ನಿನ್ನ ಮೂಗಿಗಿಂತ ದೊಡ್ಡ ಸಾಕ್ಷಿ ಯಾವುದಿದೆ? ಈ ಜಾಗದಲ್ಲಿ ನಿನಗೆ ಎಲ್ಲಕ್ಕಿಂತ ಅಸಹ್ಯ ಅನ್ಸೋದು ಯಾವುದು? ಅದನ್ನೇ ಬರೆದುಕೊಡೋಣ."

ಅತ್ತೆ ಯೋಚಿಸಲೇ ಇಲ್ಲ. "ಗುಂಡಿ," ಅಂದಳು.

ಎಲ್ಲರನ್ನೂ ಹಿತ್ತಿಲಿಗೆ ಕರೆದುಕೊಂಡು ಹೋದಳು. ಮಿಷಿನ್ನುಗಳ ಕೊಳೆ ನೀರು ಹೋಗಿ ನಿಲ್ಲುವ ಗುಂಡಿ ಅದು. ಕಲೆ ರೂಮಿನ ಕಿಟಕಿಯ ಕೆಳಗೇ ಇದೆ. ನೀರಿನ ಮೇಲೆ ಬಟ್ಟೆಯ ಜುಂಗು, ಕೂದಲು, ಸೋಪಿನ ನೊರೆ ಸೇರಿ ದಪ್ಪನೆಯ ಬೂದು ಕೆನೆ ಕಟ್ಟಿತ್ತು. ಕಲ್ಲು ಹಾಕಿದರೆ ಮುಳುಗುತ್ತಿರಲಿಲ್ಲ, ಕೆನೆಯ ಮೇಲೆ ಕೂರುತ್ತಿತ್ತು. ಅಂಚಿನಲ್ಲಿ ಬಿಳಿ ಹುಳು ತೆವಳುತ್ತಿದ್ದವು. ಕೋಲಿನಿಂದ ಕೆದಕಿದಾಗ ಒಳಗಿನಿಂದ ಗುಳ್ಳೆ ಎದ್ದು ಒಡೆಯಿತು. ಇಸ್ತ್ರಿ ಅಕ್ಕ ಸೆರಗು ಮುಖಕ್ಕೆ ಒತ್ತಿಕೊಂಡು ಓಡಿದಳು. ಮಿಷಿನಣ್ಣ ಗೋಡೆ ಹಿಡಿದು ನಿಂತರು. ಮಾಲೀಕರು ಕರ್ಚೀಫಿನ ಒಳಗಿನಿಂದಲೇ, "ಸಾಕು, ಇದೇ," ಅಂದರು.

ಹೀಗೆ ನಮ್ಮ ಸಮಸ್ಯೆಯ ಆಯ್ಕೆಯಾಯಿತು. ಯಾರಿಗೆ ಏನಾಗುತ್ತಿದೆ ಎಂದು ಯಾರೂ ಕೇಳಲಿಲ್ಲ. ಯಾವುದು ಹೆಚ್ಚು ನಾರುತ್ತದೆ ಎಂದಷ್ಟೇ ನೋಡಿದೆವು. ಆಗ ನನಗೂ ಅದು ಸರಿ ಅನ್ನಿಸಿತ್ತು.

ಗುಂಡಿಯನ್ನು ಖಾಲಿ ಮಾಡಿಸುವ ಉಸ್ತುವಾರಿಯನ್ನು ಅತ್ತೆಗೇ ಕೊಟ್ಟರು. ಟ್ಯಾಂಕರಿನವರು ಪೈಪು ಇಳಿಸಿ ಕೆಸರು ಹೀರಿಕೊಂಡು ಹೋದರು. ಎಲ್ಲಿಗೆ ಎಂದು ಕೇಳಿದ್ದಕ್ಕೆ ಡ್ರೈವರು, "ಇಲ್ಲಿಂದ ಹೋಯ್ತಲ್ಲ, ಬಿಡಿ," ಅಂದ. ಕೊಳೆ ನೀರನ್ನು ಸೋಸಲು ಜಾಲರಿ ಹಾಕಿದರು. ಗುಂಡಿಯ ಬಾಯಿಗೆ ಸಿಮೆಂಟಿನ ಚಪ್ಪಡಿ ಮುಚ್ಚಿ, ಮೇಲೆ ಹೂವಿನ ಕುಂಡಗಳನ್ನು ಇಟ್ಟರು. ಆದರೂ ಚಪ್ಪಡಿಯ ಸಂದಿನಿಂದ ಸ್ವಲ್ಪ ವಾಸನೆ ಬರುತ್ತಿತ್ತು. ಬೇರೆ ಯಾರ ಮೂಗಿಗೂ ಅದು ಗೊತ್ತಾಗುತ್ತಿರಲಿಲ್ಲ. ಅತ್ತೆ ಊಟಕ್ಕೆ ಕೂತಾಗ ಕಲೆ ರೂಮಿನ ಕಿಟಕಿಯಿಂದ ಅದು ಒಳಗೆ ಬರುತ್ತಿತ್ತಂತೆ. ಅವಳೇ ಮಾಲೀಕರ ಹತ್ತಿರ ಹೋಗಿ, "ಆ ಕಿಟಕಿ ಮುಚ್ಚಿಸಿಬಿಡಿ ಸಾರ್. ನೋಡೋಕೂ ಚೆನ್ನಾಗಿಲ್ಲ," ಅಂದಳು. ಗಾರೆಯವರು ಇದ್ದರಲ್ಲ, ಅರ್ಧ ದಿನದಲ್ಲಿ ಕಿಟಕಿಗೆ ಇಟ್ಟಿಗೆ ಕಟ್ಟಿ ಸುಣ್ಣ ಹೊಡೆದರು. ಗೋಡೆಯ ಮೇಲೆ ಹಸಿರು ಬಣ್ಣದಲ್ಲಿ ಎರಡು ಎಲೆಗಳನ್ನೂ ಬರೆದರು. ಮಾವ ಅಂದಿನಿಂದ ಮಡ್ಡಿಯನ್ನು ಬಕೆಟ್ಟಿನಲ್ಲಿ ಶೇಖರಿಸಿ, ತುಂಬಿದ ಮೇಲೆ ಚರಂಡಿಗೆ ಹಾಕತೊಡಗಿದರು. ತುಂಬುವವರೆಗೆ ಬಕೆಟ್ಟು ಅವರ ಕಾಲ ಬುಡದಲ್ಲೇ ಇರುತ್ತಿತ್ತು.

ಆಮೇಲೆ ಮಾವ ಬದಲಾಗುತ್ತಾ ಹೋದರು. ಶರ್ಟಿನ ಗುಂಡಿಗಳನ್ನು ತಪ್ಪು ತೂತಿಗೆ ಹಾಕಿಕೊಂಡು ಬರುತ್ತಿದ್ದರು. ಮಾತಿನ ಮಧ್ಯದಲ್ಲಿ ನಿಂತುಬಿಡುತ್ತಿದ್ದರು. ತಟ್ಟೆಯಿಂದ ಬಾಯಿಗೆ ಹೋಗುವ ಅನ್ನ ಅರ್ಧ ಎದೆಯ ಮೇಲೆ ಬೀಳುತ್ತಿತ್ತು. ನಾನು ಅವರ ಮನೆಯಲ್ಲೇ ಇರುವುದರಿಂದ ಇದನ್ನೆಲ್ಲ ನೋಡಿದ್ದೇನೆ. ಅತ್ತೆಗೆ ಅವರ ಮೇಲೆ ಕರುಣೆ ಬರಲಿಲ್ಲ, ಹೇಸಿಗೆ ಬಂತು. ಇದನ್ನು ಬರೆಯಬೇಕೋ ಬೇಡವೋ ಎಂದು ತುಂಬ ಯೋಚಿಸಿದೆ. ನಡೆದದ್ದು ಹಾಗೇ, ಆದ್ದರಿಂದ ಬರೆದಿದ್ದೇನೆ.

"ಛೀ, ಮಗು ಥರ ಚೆಲ್ಕೋತೀರಲ್ರೀ. ನೋಡಿದ್ರೆ ಊಟ ಮಾಡೋಕಾಗಲ್ಲ," ಎಂದು ಅವಳು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗುತ್ತಿದ್ದಳು.

ಒಂದು ಬೆಳಗ್ಗೆ ಅವರು ಬಚ್ಚಲು ತಲುಪುವ ಮೊದಲೇ ನಡುಮನೆಯಲ್ಲಿ ವಾಂತಿ ಮಾಡಿಕೊಂಡರು. ಅತ್ತೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ನೆಲ ಒರೆಸಿದಳು. ಒರೆಸುತ್ತಾ ಹೇಳಿದಳು, "ಹೋಟೆಲಿನವರದ್ದು ದಿನಾ ನೋಡೋದು ಸಾಲದು ಅಂತ ನೀವು ಬೇರೆ."

"ಇವತ್ತು ರಜಾ ಹಾಕ್ಲಾ ಕಣೆ?" ಅಂದರು ಮಾವ.

"ಹೋಟೆಲಿನ ಮೇಡಂ ಬರೋ ವಾರ ರಜಾ ಅಂತೆ. ನನ್ನ ಮಾನ ಕಳೀಬೇಡಿ, ಎದ್ದೇಳಿ."

ಅವರು ಎದ್ದು ಬಂದರು. ಮಧ್ಯಾಹ್ನ ಇಸ್ತ್ರಿ ಅಕ್ಕ ಕಲೆ ತೆಗೆದ ಬಟ್ಟೆ ತರಲೆಂದು ಕಲೆ ರೂಮಿನ ಬಾಗಿಲು ತೆರೆದಳು. ಮಾವ ಮೇಜಿನ ಕೆಳಗೆ ಬಿದ್ದಿದ್ದರು. ಬಕೆಟ್ಟು ಉರುಳಿ ಅವರ ಬೆನ್ನು, ತಲೆ ಎಲ್ಲ ನೆನೆದಿತ್ತು. ನಾನು, ಇಸ್ತ್ರಿ ಅಕ್ಕ, ಮಿಷಿನಣ್ಣ ಸೇರಿ ಎಳೆದು ತಂದೆವು. ಅಷ್ಟರಲ್ಲಿ ನನ್ನ ತಲೆ ತಿರುಗಿತು. ಆ ಸಿಹಿ ಗಂಟಲಿಗೆ ಮೆತ್ತಿಕೊಂಡ ಹಾಗಾಯಿತು, ಎಷ್ಟು ಉಗುಳಿದರೂ ಹೋಗಲಿಲ್ಲ.

ಕ್ಲಿನಿಕ್ಕಿಗೆ ಅತ್ತೆಯ ಜೊತೆ ನಾನು ಹೋದೆ. ಡಾಕ್ಟರು ಮಾವನ ಹತ್ತಿರ ಬಾಗಿದವರು ತಟ್ಟನೆ ಮುಖ ಆಚೆ ತಿರುಗಿಸಿಕೊಂಡರು. ಎದ್ದು ಹೋಗಿ ಕಿಟಕಿ ತೆರೆದು, ಫ್ಯಾನು ಜೋರು ಮಾಡಿ ಬಂದರು.

"ಈ ಕೆಟ್ಟ ವಾಸನೆ ಯಾವುದಮ್ಮ ಇವರ ಮೈಮೇಲೆ?"

ಅತ್ತೆಗೆ ಅರ್ಥವಾಗಲಿಲ್ಲ. "ಕೆಟ್ಟದಲ್ಲ ಡಾಕ್ಟ್ರೇ. ಅದು ಒಳ್ಳೇ ವಾಸನೆ. ಕಲೆ ತೆಗೆಯೋ ನೀರಿಂದು."

"ಒಳ್ಳೇದು ಅಂತ ಯಾರು ಹೇಳಿದ್ದು?"

ಅತ್ತೆ ಮಾವನ ಶರ್ಟಿನ ತೋಳು ಎತ್ತಿ ಇನ್ನೊಮ್ಮೆ ಮೂಸಿದಳು.

"ರೂಮಲ್ಲಿ ಗಾಳಿ ಆಡುತ್ತಾ?"

"ಒಂದು ಕಿಟಕಿ ಇತ್ತು," ಅಂದಳು ಅತ್ತೆ. ಅಷ್ಟು ಹೇಳಿ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

ಡಾಕ್ಟರು ಸಿಟ್ಟು ಮಾಡಲಿಲ್ಲ, ನಿಧಾನವಾಗಿ ತಿಳಿಸಿದರು. ಆ ವಾಸನೆ ಮೂಗಿಗೆ ಬರುತ್ತಿದೆ ಎಂದರೆ ಆ ದ್ರವವೇ ಉಸಿರಿನ ಜೊತೆ ಒಳಗೆ ಹೋಗುತ್ತಿದೆ ಎಂದು ಅರ್ಥ. ತಲೆನೋವು, ಜೋಮು, ವಾಂತಿ, ಮರೆವು ಎಲ್ಲ ಅದರಿಂದ. ಸ್ವಲ್ಪ ಸರಿಹೋಗಬಹುದು, ಪೂರ್ತಿ ಸರಿಹೋಗುತ್ತದೆಯೇ ಎಂದು ಹೇಳಲು ಬರುವುದಿಲ್ಲ. ಮತ್ತೆ ಆ ರೂಮಿಗೆ ಕಾಲಿಡಕೂಡದು. ಆಮೇಲೆ ಅವರು ಅತ್ತೆಯನ್ನೂ ಕೇಳಿದರು, "ನೀವೂ ಅಲ್ಲಿಗೆ ಹೋಗ್ತೀರಾ?"

"ಊಟಕ್ಕೆ," ಅಂದಳು ಅತ್ತೆ.

ಡಾಕ್ಟರು ಪೆನ್ನು ಕೆಳಗಿಟ್ಟು ಅವಳನ್ನು ನೋಡಿದರು.

ಹೊರಗೆ ಬಂದ ಮೇಲೆ ಅತ್ತೆ ಆಟೋ ನಿಲ್ದಾಣದ ಪಕ್ಕದ ಮೋರಿಯ ಹತ್ತಿರ ಹೋಗಿ ಬಾಗಿ ನಿಂತಳು. ವಾಕರಿಕೆ ಬಂತೇ ಹೊರತು ಏನೂ ಹೊರಬರಲಿಲ್ಲ. ಹುಳು ಬಿದ್ದ ಗುಂಡಿಯ ಮುಂದೆ ನಿಂತಾಗಲೂ ಅವಳು ಹಾಗೆ ಮಾಡಿರಲಿಲ್ಲ.

ಮಾರನೆಯ ದಿನ ಹೋಟೆಲಿನ ಮೇಡಂ ಬಂದರು, ಜೊತೆಗೆ ಒಬ್ಬ ಫೋಟೋದವನು. ಮಾಲೀಕರು ಅವರನ್ನು ಹಿತ್ತಿಲಿಗೆ ಕರೆದೊಯ್ದು ಚಪ್ಪಡಿ, ಕುಂಡ, ಗೋಡೆಯ ಮೇಲಿನ ಎಲೆಗಳನ್ನು ತೋರಿಸಿದರು. ಮಾತಾಡಬೇಕಾದವಳು ಅತ್ತೆ. ಹೇಳಬೇಕಾದ್ದನ್ನು ಮಾಲೀಕರು ಮೊದಲೇ ಹೇಳಿಕೊಟ್ಟಿದ್ದರು.

"ಮೇಡಂ, ಸಮಸ್ಯೆ ಆರಿಸಿದ್ದು ನಾನೇ," ಅಂದಳು ಅತ್ತೆ. "ತಪ್ಪು ಆರಿಸಿದ್ದೀನಿ. ಗುಂಡಿ ನಾರುತ್ತಿತ್ತು, ಅಷ್ಟೇ. ಸಮಸ್ಯೆ ಈ ಗೋಡೆಯ ಒಳಗಿದೆ. ಅದನ್ನ ಬರ್ಕೊಳ್ಳಿ. ನನ್ನ ಗಂಡ ಮನೇಲಿ ಮಲಗಿದ್ದಾರೆ, ನೀರಿನ ಲೋಟ ಹಿಡಿಯೋಕಾಗ್ತಿಲ್ಲ."

ಮಾಲೀಕರ ಮುಖ ಕಪ್ಪಾಯಿತು. ಮೇಡಂ ಮಾತ್ರ ಮುಗುಳ್ನಗುತ್ತಲೇ ಇದ್ದರು. "ಅಯ್ಯೋ, ಹುಷಾರಾಗಲಿ. ಒಳ್ಳೇ ಸಲಹೆ ಅಮ್ಮ ಇದು. ಆದರೆ ಈ ವರ್ಷದ್ದು ಗುಂಡಿ ಅಂತ ಕಳಿಸಿ ಆಗಿದೆ. ಇದನ್ನ ಮುಂದಿನ ವರ್ಷಕ್ಕೆ ಇಟ್ಕೊಳ್ಳೋಣ. ಸ್ವಲ್ಪ ಆ ಕುಂಡದ ಪಕ್ಕ ನಿಂತ್ಕೋತೀರಾ, ಬೆಳಕು ಚೆನ್ನಾಗಿದೆ."

ಅತ್ತೆ ನಿಲ್ಲಲಿಲ್ಲ. ಮೇಡಂ ತಾವೇ ಕುಂಡದ ಪಕ್ಕ ನಿಂತು ಹೂವಿನ ಕಡೆ ಬಾಗಿ ಫೋಟೋ ತೆಗೆಸಿಕೊಂಡರು. ಆ ಹೂವಿಗೆ ವಾಸನೆಯೇ ಇಲ್ಲ. ಆದರೂ ಅವರು ಕಣ್ಣು ಮುಚ್ಚಿ ಉಸಿರು ಎಳೆದುಕೊಂಡರು. ನನಗೆ ಮೈಯೆಲ್ಲ ಹೇಸಿಗೆಯಾಯಿತು.

ಅವರು ಹೋದ ಮೇಲೆ ಮಾಲೀಕರು ಅತ್ತೆಯನ್ನು ಬೈಯಲಿಲ್ಲ. "ನಾಲ್ಕು ದಿನ ಸುಧಾರಿಸ್ಕೊಂಡು ನಿನ್ನ ಗಂಡ ಬರಲಿ," ಅಂದರು. "ಬರೋಕಾಗಲ್ಲ ಅಂದ್ರೆ ಹೇಳು, ಬೇರೆಯವರನ್ನ ಹಾಕ್ಕೋತೀನಿ. ಕಲೆ ಬಟ್ಟೆ ನಿಲ್ಲಿಸೋಕಾಗಲ್ಲ." ಅಂದರೆ ಮಾವ ಆ ರೂಮಿಗೆ ಹೋಗಬೇಕು, ಇಲ್ಲವೇ ಕೆಲಸ ಬಿಡಬೇಕು. ಹೋಗುತ್ತೇನೆ ಎಂದು ಮಾವ ಮಲಗಿದ್ದಲ್ಲಿಂದಲೇ ಹೇಳಿದರು.

ಆವತ್ತಿನಿಂದ ಅತ್ತೆ ಒಂದು ಕೆಲಸ ಮಾಡಿದಳು. ಗಂಟು ಬಿಚ್ಚುತ್ತಾಳೆ, ಮೂಗಿಗೆ ಹಿಡಿಯುತ್ತಾಳೆ, ಮಾಮೂಲಿಯದನ್ನು ಮಾಮೂಲಿಗೆ, ಬಿಸಿ ನೀರಿನದನ್ನು ಬಿಸಿ ನೀರಿಗೆ ಹಾಕುತ್ತಾಳೆ. ಕಲೆ ರೂಮಿಗೆ ಹೋಗಬೇಕಾದ್ದನ್ನು ಅಲ್ಲಿಗೆ ಕಳಿಸದೆ, ಮಾಲೀಕರ ಕೋಣೆಯ ಬಾಗಿಲಿಗೆ ಅಡ್ಡವಾಗಿ ಸುರಿಯುತ್ತಾಳೆ. ಕೂದಲಿಗೆ ಹಚ್ಚುವ ಬಣ್ಣ, ಗ್ರೀಸು, ಒಣಗಿದ ರಕ್ತ. ರಾಶಿ ಮೊಣಕಾಲಿನಿಂದ ಸೊಂಟಕ್ಕೆ ಬಂತು. ಸೆಕೆಗೆ ಅದು ಹುಳಿಯತೊಡಗಿತು, ನೊಣ ಮುತ್ತಿದವು.

"ಏನಮ್ಮ ಇದು ಹೊಲಸು?" ಅಂದರು ಮಾಲೀಕರು, ರಾಶಿಯ ಮೇಲಿಂದ ಕಾಲು ದಾಟಿಸುತ್ತಾ.

"ಹೋಟೆಲಿನವರದ್ದು ಸಾರ್. ಮಾಡಿದವರೇ ಅದರ ಮೇಲೆ ಮಲ್ಕೊಳ್ಳಲಿ, ವಾಪಸ್ ಕಳಿಸಿ."

"ಗುತ್ತಿಗೆ ಹೋದ್ರೆ ನಾವೆಲ್ಲ ಬೀದಿಗೆ ಬೀಳ್ತೀವಿ, ಗೊತ್ತಾ?"

"ನಮ್ಮನೇಲಿ ಒಬ್ಬರು ಬಿದ್ದಾಗಿದೆ ಸಾರ್."

ಮಿಷಿನಣ್ಣ ಮಿಷಿನ್ ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದರು. ಇಸ್ತ್ರಿ ಅಕ್ಕ ಇಸ್ತ್ರಿ ಪೆಟ್ಟಿಗೆ ಎತ್ತಿ ಹಿಡಿದು ನಿಂತಿದ್ದಳು. ಎಲ್ಲರೂ ನೋಡುತ್ತಿದ್ದದ್ದರಿಂದಲೇ ಮಾಲೀಕರಿಗೆ ಅವಮಾನವಾಗಿರಬೇಕು. "ಇಷ್ಟು ವರ್ಷ ಯಾರಿಗೂ ಆಗದ್ದು ಈಗ ಆಯ್ತಾ? ಕೊಡಿಲ್ಲಿ, ನಾನೇ ಮಾಡ್ತೀನಿ. ಬರೀ ನಾಟಕ," ಎಂದು ರಾಶಿಯಿಂದ ಒಂದು ಹೊರೆ ಎತ್ತಿಕೊಂಡು ಕಲೆ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗಿನಿಂದ ಬ್ರಷ್ಷಿನ ಸದ್ದು ಜೋರಾಗಿ ಕೇಳಿಸಿತು. ಆಮೇಲೆ ಸಣ್ಣದಾಯಿತು. ಆಮೇಲೆ ಕೆಮ್ಮು. ಕೊನೆಗೆ ಬಾಗಿಲು ಸಂಪೂರ್ಣ ತೆರೆದುಕೊಂಡಿತು.

ಅವರು ಯಾರ ಮುಖವನ್ನೂ ನೋಡದೆ ಹಿತ್ತಿಲಿಗೆ ನಡೆದರು. ಗೋಡೆ ಹಿಡಿದುಕೊಂಡು ಕುಂಡಗಳ ನಡುವೆ ಕೂತು ವಾಂತಿ ಮಾಡಿಕೊಂಡರು. ಚಪ್ಪಡಿಯ ಮೇಲೆ, ಹೂವಿನ ಮೇಲೆ, ತಮ್ಮ ಪ್ಯಾಂಟಿನ ಮೇಲೆ. ಎದ್ದೇಳಲು ನೋಡಿದರು, ಆಗಲಿಲ್ಲ.

ಅತ್ತೆ ಹೋಗಿ ಅವರ ಮುಂದೆ ನಿಂತಳು. ಕೈಯಲ್ಲಿ ದೊಡ್ಡ ಹೋಟೆಲಿನ ಒಗೆದು ಮಡಿಸಿಟ್ಟ ಬಿಳಿ ಟವೆಲು ಇತ್ತು. ಅದನ್ನು ತಕ್ಷಣ ಕೊಡಲಿಲ್ಲ.

"ಗಾರೆಯವರನ್ನ ಕರೆಸ್ತೀನಿ," ಅಂದರು ಮಾಲೀಕರು, ಉಸಿರು ಎಳೆದುಕೊಳ್ಳುತ್ತಾ. "ಗೋಡೆ ಒಡೆಸ್ತೀನಿ. ಫ್ಯಾನು ಹಾಕಿಸ್ತೀನಿ."

"ಆ ಡಬ್ಬ?"

"ತರಿಸಲ್ಲ. ಹೋಗದೇ ಇರೋ ಕಲೆ ಹಾಗೇ ವಾಪಸ್ ಹೋಗಲಿ."

"ನನ್ನವರು?"

"ಮಡಿಸೋ ಮೇಜಿಗೆ ಬರಲಿ. ಸಂಬಳ ಮುಂಚಿನದ್ದೇ."

ಅತ್ತೆ ಟವೆಲು ಕೊಟ್ಟಳು. ಅವರು ಮುಖ ಒರೆಸಿ, ಬಾಯಿ ಒರೆಸಿ, ಕತ್ತು ಒರೆಸಿ, ಪ್ಯಾಂಟು ಒರೆಸಿಕೊಂಡು ಅವಳ ಕೈಗೇ ವಾಪಸ್ ಕೊಟ್ಟರು. ಅವಳು ಅದನ್ನು ಎರಡು ಬೆರಳಿನಲ್ಲಿ ತುದಿ ಹಿಡಿದು, ತೋಳು ಪೂರ್ತಿ ಚಾಚಿ, ಮೈಗೆ ತಾಗದಂತೆ ನಮ್ಮೆಲ್ಲರ ನಡುವಿನಿಂದ ಒಳಗೆ ತಂದಳು. ಮಾಲೀಕರ ಬಾಗಿಲಿನ ರಾಶಿಯ ಮೇಲೆ ಅದನ್ನು ಎಸೆದು, ಕೈ ತೊಳೆದುಕೊಳ್ಳಲು ನಲ್ಲಿಯ ಕಡೆ ಹೋದಳು.